ವೇಂಡ ಅಂದರೆ ಬೇಡ

ಆ ಕೆಲಸ ನನಗೆ ಸಿಕ್ಕಿದ್ದು ಮಲಯಾಳಂ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಕೋಟೆಯಲ್ಲಿ, ಅಂದರೆ ಹೆಗ್ಗಡದೇವನಕೋಟೆಯಲ್ಲಿ, ನಾನು ವರ್ಷಗಟ್ಟಲೆ ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದ ಖಾಸಗಿ ಶಾಲೆ ಮುಚ್ಚಿಹೋಗಿತ್ತು. ನನ್ನ ಗಂಡನದು ಅಲ್ಲೇ ಟೈಲರ್ ಅಂಗಡಿ. ಬಟ್ಟೆ ಹೊಲಿಸಲು ಬಂದ ಗಡಿಯಾಚೆಯವರೊಬ್ಬರು, ಕಾಟ್ಟಿಕುಳಂ ಹತ್ತಿರದ ನರ್ಸರಿಯೊಂದಕ್ಕೆ ಹೊರಗಿನ ಇಂಗ್ಲಿಷ್ ಟೀಚರ್ ಬೇಕಂತೆ ಎಂದು ಹೇಳಿ ಹೋದರು. ಹೊರಗಿನ ಎನ್ನುವ ಮಾತಿನ ಭಾರ ನನಗಾಗ ತಿಳಿಯಲಿಲ್ಲ. ಬಾವಲಿಯ ಗಡಿ ಚೆಕ್‌ಪೋಸ್ಟು ದಾಟಿದರೆ ಅಲ್ಲೇ ಇರುವ ಊರು, ಅದೇನು ಪರದೇಶವೇ ಅಂದುಕೊಂಡೆ.

ನರ್ಸರಿ ನಡೆಸುತ್ತಿದ್ದವರು ಗಲ್ಫಿನಲ್ಲಿ ಬಹಳ ಕಾಲ ನರ್ಸ್ ಆಗಿದ್ದು ವಾಪಸು ಬಂದ ಹೆಂಗಸು. ಎಲ್ಲರೂ ಮೇಡಂ ಅನ್ನುತ್ತಿದ್ದರು. ರಸ್ತೆಗೆ ಅಂಟಿಕೊಂಡಿದ್ದ ತಮ್ಮ ಮನೆಯ ಕೆಳಗಿನ ಅಂತಸ್ತನ್ನೇ ನರ್ಸರಿ ಮಾಡಿದ್ದರು. ಹಿಂದೆ ಕಾಫಿ, ಮೆಣಸಿನ ತೋಟ. ನಾವಿಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲೇ.

"ಮಲಯಾಳಂ ಬರುತ್ತದೆಯೇ?"

"ಇಲ್ಲ ಮೇಡಂ. ಆದರೆ ಬೇಗ ಕಲಿಯುತ್ತೇನೆ."

"ಕಲಿಯಬೇಡಿ," ಎಂದರು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರು ನಗಲಿಲ್ಲ. ಊರಿನ ಟೀಚರುಗಳು ಎಷ್ಟು ಹೇಳಿದರೂ ಮಗು ಅತ್ತ ಕೂಡಲೇ ಮಲಯಾಳಂಗೆ ಇಳಿದುಬಿಡುತ್ತಾರೆ, ಮಕ್ಕಳಿಗೂ ಅದು ಗೊತ್ತು, ಇನ್ನು ಇಂಗ್ಲಿಷ್ ಯಾಕೆ ಆಡುತ್ತವೆ ಎಂದು ಕೇಳಿದರು. "ನಾನು ಗಲ್ಫಿಗೆ ಹೋದಾಗ ನನ್ನ ಮಾತು ತಿಳಿಯುವವರು ಒಬ್ಬರೂ ಇರಲಿಲ್ಲ. ಬೇರೆ ದಾರಿಯಿಲ್ಲದೆ ಕಲಿತೆ. ಈ ಮಕ್ಕಳಿಗೂ ಬೇರೆ ದಾರಿ ಇರಬಾರದು."

ಕೇಳಿದಾಗ ಸರಿಯೆನಿಸಿತು. ಕಾಟ್ಟಿಕುಳಂನಲ್ಲಿ ಒಂದು ಬೇಕರಿಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದೆ. ಜೂನ್ ತಿಂಗಳ ಮಳೆಯಲ್ಲಿ ಕೆಲಸಕ್ಕೆ ಸೇರಿಕೊಂಡೆ.

ಮೂರು ನಾಲ್ಕು ವರ್ಷದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಬೆಳಗ್ಗೆ ವ್ಯಾನು ಬಂದು ನಿಂತ ಕೂಡಲೇ ಒಟ್ಟಿಗೆ ಅಳು ಶುರುವಾಗುತ್ತಿತ್ತು. ಒದ್ದೆ ರೈನ್‌ಕೋಟು ಬಿಚ್ಚಬೇಕು, ಒದ್ದೆ ಸಾಕ್ಸು ಎಳೆಯಬೇಕು, ಮೂಗು ಒರೆಸಬೇಕು. ಅಷ್ಟರಲ್ಲಿ ಸೊಂಟ ಹಿಡಿದುಕೊಂಡಿರುತ್ತಿತ್ತು. ಕೂರುವುದಕ್ಕೆ ಇದ್ದದ್ದು ಮಕ್ಕಳ ಗಿಡ್ಡ ಸ್ಟೂಲು. ಎದ್ದು ಕೂತು ಎದ್ದು ಕೂತು ಮಂಡಿ ಸವೆಯಿತು. ಒಂದು ಮಗುವಿನ ನೆಗಡಿ ವಾಸಿಯಾಗುವಷ್ಟರಲ್ಲಿ ಇನ್ನೊಂದು ಮಗುವಿನ ನೆಗಡಿ ನನಗೆ ಹತ್ತುತ್ತಿತ್ತು. ಸಂಜೆ ಕೋಣೆಗೆ ಬಂದರೆ ಫೋನಿನಲ್ಲಿ ಗಂಡನ ಜೊತೆ ಮಾತಾಡಲು ಗಂಟಲೇ ಇರುತ್ತಿರಲಿಲ್ಲ. "ನೀನು ಹ್ಞೂಂ ಅಂದ್ರೆ ಸಾಕು, ನಾನೇ ಮಾತಾಡ್ತೀನಿ," ಅನ್ನುತ್ತಿದ್ದರು.

ಇಷ್ಟು ದಣಿವು ಕೋಟೆಯಲ್ಲೂ ಇತ್ತು. ಇಲ್ಲಿ ಅದರ ಮೇಲೆ ಇನ್ನೊಂದು ಸೇರಿಕೊಂಡಿತು. ಮಕ್ಕಳು ಏನು ಕೇಳುತ್ತಿದ್ದಾರೆಂದು ಊಹಿಸುತ್ತಲೇ ಇರಬೇಕು. "ವೆಳ್ಳಂ, ವೆಳ್ಳಂ" ಎಂದು ಒಂದು ಹುಡುಗಿ ಅತ್ತಾಗ ಪಾಪ, ಬೆಲ್ಲ ಕೇಳುತ್ತಿದೆ ಅಂದುಕೊಂಡು ಅಡುಗೆಮನೆಯಿಂದ ಒಂದು ಚೂರು ಬೆಲ್ಲ ತಂದುಕೊಟ್ಟೆ. ಅವಳು ಅದನ್ನು ತಿಂದು ಇನ್ನೂ ಜೋರಾಗಿ ಅತ್ತಳು. ಅವಳಿಗೆ ಬೇಕಾಗಿದ್ದದ್ದು ನೀರು. ಚೇಚಿ, ಅಂದರೆ ಅಕ್ಕ, ಎಂದು ನಾವೆಲ್ಲ ಕರೆಯುತ್ತಿದ್ದ ಸಹಾಯಕಿ ಅಡುಗೆ, ಕಸ, ಕಕ್ಕಸು ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಇಂಗ್ಲಿಷೂ ಬಾರದು, ಕನ್ನಡವೂ ಬಾರದು. ತರಗತಿಯೊಳಗೆ ಬಾಯಿ ತೆರೆಯಬಾರದೆಂದು ಮೇಡಂ ಕಟ್ಟಪ್ಪಣೆ ಬೇರೆ ಮಾಡಿದ್ದರು. ಬಾಗಿಲಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದಳು, ಅದೂ ನನಗೆ ಅರ್ಧ ಅರ್ಥವಾಗುತ್ತಿತ್ತು.

ಹತ್ತು ಗಂಟೆಗೆ ಮಕ್ಕಳಿಗೆ ಗಂಜಿ, ಹೆಸರುಕಾಳು. ಒಂದು ದಿನ ಒಬ್ಬ ದಪ್ಪ ಕೆನ್ನೆಯ ಹುಡುಗ ತಟ್ಟೆ ಮುಂದೆ ಕೂತು "ವೇಂಡ, ವೇಂಡ" ಅಂದ. ವೇಣಂ ಅಂದರೆ ಬೇಕು ಎಂಬಷ್ಟು ನಾನು ಅಷ್ಟರಲ್ಲಿ ತಿಳಿದುಕೊಂಡಿದ್ದೆ. ಇದೂ ಅದೇ ಇರಬೇಕೆಂದು ಇನ್ನೊಂದು ಸೌಟು ಬಡಿಸಿದೆ. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಮತ್ತೆ ಅಂದ, ನಾನು ಮತ್ತೆ ಬಡಿಸಿದೆ. ಆಗ ನನ್ನ ಹಿಂದಿನಿಂದ ಕನ್ನಡದಲ್ಲಿ ಒಂದು ದನಿ ಬಂತು.

"ಟೀಚರೆ, ಅವ್ನು ಬೇಡ ಅಂತವ್ನೆ. ವೇಂಡ ಅಂದ್ರೆ ಬೇಡ."

ತಿರುಗಿ ನೋಡಿದೆ. ಆ ವಾರವಷ್ಟೇ ಸೇರಿದ್ದ ಹುಡುಗಿ. ಇನ್ನೂ ನಾಲ್ಕು ತುಂಬಿರಲಿಲ್ಲ. ಕಾಡಂಚಿನ ಆದಿವಾಸಿ ಕಾಲೊನಿಯವಳು. ಅಪ್ಪ ಅಮ್ಮ ಕುಟ್ಟದ ಕಡೆಯ ತೋಟಗಳ ಕೆಲಸಕ್ಕೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮೇಡಂ ತೋಟದಲ್ಲಿ ಕಳೆ ತೆಗೆಯುವ ಕೆಲಸಕ್ಕೆ ಬರುವಾಗ ಅಜ್ಜಿ ಅವಳನ್ನು ಜೊತೆಗೆ ಕರೆತರುತ್ತಿದ್ದರು. ಗಿಡಗಳ ನಡುವೆ ಒಬ್ಬಳೇ ಅಲೆಯುವುದನ್ನು ನೋಡಿ ಮೇಡಂ ಒಳಗೆ ಕೂರಿಸಿದ್ದರು. ಅಷ್ಟು ದಿನ ಅವಳು ಒಂದು ಮಾತೂ ಆಡಿರಲಿಲ್ಲ. ಅವರ ಮನೆಯ ಮಾತು ಒಂದು ಬಗೆಯ ಕನ್ನಡ. ಮಲಯಾಳಂ ತೋಟದಲ್ಲಿ, ಬಸ್ಸಿನಲ್ಲಿ ತಾನಾಗಿ ಬಂದಿತ್ತು.

ನನಗೆ ಆದ ಸಂತೋಷಕ್ಕೆ ಸೌಟು ಕೆಳಗಿಟ್ಟು ಅವಳ ಪಕ್ಕ ನೆಲದ ಮೇಲೇ ಕೂತುಬಿಟ್ಟೆ. ಊರು ಬಿಟ್ಟು ಬಂದ ಮೇಲೆ ಮುಖಾಮುಖಿ ಕನ್ನಡ ಕೇಳಿದ್ದು ಅದೇ ಮೊದಲು.

"ನಿಂಗೆ ಕನ್ನಡ ಬತ್ತದೇನವ್ವ?"

"ನಂಗೆ ಎಲ್ಲಾನೂ ಬತ್ತದೆ," ಅಂದಳು.

ಮಕ್ಕಳಿಗೆ ಗುಟ್ಟು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇವಳಿಗೆ ಹೇಳಿದರೆ ಟೀಚರಿಗೆ ಮುಟ್ಟುತ್ತದೆ ಎಂದು ಗೊತ್ತಾದ ಮೇಲೆ ನನ್ನ ಹತ್ತಿರ ಯಾರೂ ಬರಲಿಲ್ಲ, ಎಲ್ಲರೂ ಅವಳ ಹತ್ತಿರ ಹೋದರು. ಅವಳು ನನ್ನ ಸ್ಟೂಲಿನ ಪಕ್ಕ ತನ್ನ ಸ್ಟೂಲು ಎಳೆದುಕೊಂಡು ಕೂತಳು. ಒಬ್ಬೊಬ್ಬರೂ ಬಂದು ಮಲಯಾಳಂನಲ್ಲಿ ದೂರು ಹೇಳಿದರೆ ಇವಳು ಗಂಭೀರವಾಗಿ ಕೇಳಿ ನನ್ನ ಕಡೆ ತಿರುಗುತ್ತಿದ್ದಳು.

"ಇವ್ನ್ಗೆ ಹೊಟ್ಟೆ ನೋಯ್ತದಂತೆ."

"ಇವ್ಳ ಪೆನ್ಸಿಲ್ ಅವ್ನು ಕಿತ್ಕೊಂಡ್ನಂತೆ. ಆದ್ರೆ ಸುಳ್ಳು, ಇವ್ಳೇ ಕೊಟ್ಟಿದ್ದು."

"ಇವ್ನ್ಗೆ ಅಮ್ಮ ಬೇಕಂತೆ. ಇವತ್ತು ಮೂರ್ ಸಲ ಆಯ್ತು, ಬುಡು."

ನನ್ನ ಕೆಲಸ ಅರ್ಧ ಹಗುರವಾಯಿತು. ಮಧ್ಯಾಹ್ನ ಮಕ್ಕಳನ್ನು ಚಾಪೆಯ ಮೇಲೆ ಮಲಗಿಸಿ ನಾನು ಗೋಡೆಗೆ ಒರಗಿ ಕಣ್ಣು ಮುಚ್ಚುವಷ್ಟು ಬಿಡುವು ಸಿಕ್ಕಿತು. ಅವಳು ಮಾತ್ರ ಮಲಗುತ್ತಿರಲಿಲ್ಲ. ಯಾರಾದರೂ ಎದ್ದು ಅತ್ತರೆ ಹೋಗಿ ಕೇಳಿಕೊಂಡು ಬಂದು ನನ್ನ ಮಂಡಿ ತಟ್ಟುತ್ತಿದ್ದಳು. ಸಾಯಂಕಾಲದ ಹೊತ್ತಿಗೆ ಅವಳ ಮುಖವೂ ನನ್ನ ಮುಖದ ಹಾಗೇ ಬಾಡಿರುತ್ತಿತ್ತು. ಅಜ್ಜಿ ಎತ್ತಿಕೊಂಡರೆ ಗೇಟು ದಾಟುವುದರೊಳಗೆ ನಿದ್ದೆ. ಉಳಿದ ಮಕ್ಕಳು ಆಟವಾಡುವಾಗ ಇವಳು ಆಡುತ್ತಿಲ್ಲವೆಂದು ಕೆಲವು ದಿನಗಳಾದ ಮೇಲೆ ನನ್ನ ಲಕ್ಷ್ಯಕ್ಕೆ ಬಂತು. ಹೋಗು, ಆಡಿಕೋ ಎಂದು ಅಂಗಳಕ್ಕೆ ಕಳಿಸುತ್ತಿದ್ದೆ. ಅಲ್ಲೂ ಒಬ್ಬ ಬಿದ್ದು ಅತ್ತರೆ ಉಳಿದವರು ಅವಳನ್ನೇ ಕೂಗುತ್ತಿದ್ದರು. ಓಡಿಬಂದು ಹೇಳುತ್ತಿದ್ದಳು.

ಒಂದು ದಿನ ಊಟ ಮಾಡದೆ ತಟ್ಟೆ ನೋಡುತ್ತಾ ಕೂತಿದ್ದಳು.

"ಯಾಕವ್ವ, ಹಸಿವಿಲ್ವ?"

"ಟೀಚರೆ, ನೀನು ದೊಡ್ಡೋಳಲ್ವ?" ಅಂದಳು. ಅವರ ಮಾತಿನಲ್ಲಿ ಎಲ್ಲರೂ ನೀನೇ.

"ಹ್ಞೂಂ, ದೊಡ್ಡೋಳೆ."

"ಮತ್ತೆ ನಿಂಗ್ಯಾಕೆ ಅವ್ರ ಮಾತು ಬರಾಕಿಲ್ಲ?"

ಬರಬಾರದು ಎಂದೇ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾರೆ ಎಂದು ನಾಲ್ಕೂ ತುಂಬದ ಮಗುವಿಗೆ ಹೇಗೆ ಹೇಳುವುದು? ಕಲೀತೀನಿ ಬಿಡು ಅಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಹೀಗಿರುವಾಗ ದಪ್ಪ ಕೆನ್ನೆಯ ಹುಡುಗನ ತಾಯಿ ಬಂದರು. ಮಾನಂದವಾಡಿಯ ಯಾವುದೋ ಆಫೀಸಿನಲ್ಲಿ ಕೆಲಸ. ಬಂದವರು ಸಿಟ್ಟಿನಲ್ಲಿದ್ದರು. ಹುಡುಗ ಹಿಂದಿನ ದಿನ ಮನೆಯಲ್ಲಿ "ನೀರ್ ಬೇಕು, ನೀರ್ ಬೇಕು" ಎಂದು ಕೂಗಿದನಂತೆ. ಅಜ್ಜ ಅಜ್ಜಿಗೆ ತಿಳಿಯದೆ ಅವನು ನೆಲಕ್ಕೆ ಬಿದ್ದು ಹೊರಳಾಡಿದನಂತೆ.

"ಇಂಗ್ಲಿಷಿಗೆ ಅಂತ ಕಳಿಸಿದೆ. ಕನ್ನಡ ಕಲಿತು ಬಂದಿದ್ದಾನೆ," ಎಂದು ನನಗೂ ತಿಳಿಯುವಂತೆ ಇಂಗ್ಲಿಷಿನಲ್ಲೇ ಅಂದರು.

ಮೇಡಂ ಮುಖ ಕೆಂಪಾಯಿತು. ಆ ತಾಯಿ ಹೋದ ಮೇಲೆ ಮೇಡಂ ನನ್ನನ್ನು ಕರೆದು, ಆ ಹುಡುಗಿ ಒಳಗಿದ್ದರೆ ಎಲ್ಲ ಕೆಡುತ್ತದೆ, ನಾಳೆಯಿಂದ ಮೊದಲಿನ ಹಾಗೆ ಅಜ್ಜಿಯ ಜೊತೆ ತೋಟದಲ್ಲಿರಲಿ ಎಂದರು.

"ಮೇಡಂ, ಅವಳಿಲ್ಲದಿದ್ದರೆ ಯಾರಿಗೆ ಏನು ಬೇಕೆಂದು ನನಗೆ ಗೊತ್ತಾಗುವುದಿಲ್ಲ."

"ಗೊತ್ತಾಗಬಾರದು. ಅದಕ್ಕೇ ತಾನೆ ನೀವು ಬಂದಿರುವುದು?"

ವಾದ ಮಾಡುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ಮಾರನೆಯ ದಿನ ಅವಳು ಬರಲಿಲ್ಲ, ಅಂದರೆ ಒಳಗೆ ಬರಲಿಲ್ಲ. ಕಿಟಕಿಯಿಂದ ನೋಡಿದರೆ ಅಜ್ಜಿಯ ಹಿಂದೆ ಕಾಫಿ ಗಿಡಗಳ ನಡುವೆ ಅವಳ ಕೆಂಪು ರೈನ್‌ಕೋಟು ಕಾಣುತ್ತಿತ್ತು. ಮಕ್ಕಳಿಗೂ ಕಾಣುತ್ತಿತ್ತು. ಕಿಟಕಿಯ ಸರಳು ಹಿಡಿದು ಸಾಲಾಗಿ ನಿಂತು ಅವಳಿಗೆ ಕೂಗಿ ಹೇಳತೊಡಗಿದರು. ಅವಳು ಅಲ್ಲಿಂದಲೇ ನನಗೆ ಕೂಗುತ್ತಿದ್ದಳು.

"ಟೀಚರೆ, ಅವ್ನ್ಗೆ ಉಚ್ಚೆ ಬಂದದೆ! ಬೇಗ!"

ನಾನು ಕಿಟಕಿ ಮುಚ್ಚಿದೆ. ಒಳಗೆ ಕತ್ತಲಾಯಿತು, ಮಕ್ಕಳು ಇನ್ನಷ್ಟು ಅತ್ತರು. ಮತ್ತೆ ತೆರೆದೆ.

ಎರಡು ಮೂರು ದಿನ ಹೀಗೇ ನಡೆಯಿತು. ಆಮೇಲೊಂದು ಬೆಳಗ್ಗೆ ಒಬ್ಬ ಹುಡುಗ ಇದ್ದಕ್ಕಿದ್ದಂತೆ ಕಿರುಚಲು ಶುರುಮಾಡಿದ. ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಉಜ್ಜುತ್ತಿದ್ದ. ಎಲ್ಲಿ ನೋವು ಎಂದು ಇಂಗ್ಲಿಷಿನಲ್ಲಿ ಕೇಳಿದೆ, ಕನ್ನಡದಲ್ಲಿ ಕೇಳಿದೆ, ಮುಟ್ಟಿ ಮುಟ್ಟಿ ಕೇಳಿದೆ. ಮುಟ್ಟಿದರೆ ಒದೆಯುತ್ತಿದ್ದ. ಚೇಚಿ ತರಕಾರಿ ತರಲು ಕಾಟ್ಟಿಕುಳಂಗೆ ಹೋಗಿದ್ದಳು. ಮೇಡಂ ಮೇಲಿನ ಅಂತಸ್ತಿನಲ್ಲಿದ್ದರು. ಕೂಗಿದರೆ ಮಳೆಯ ಸದ್ದಿಗೆ ಕೇಳಿಸಲಿಲ್ಲ. ಕಿಟಕಿಗೆ ಹೋಗಿ ತೋಟದ ಕಡೆ ಕೂಗಿದೆ.

"ಬಾರವ್ವ! ಓಡಿ ಬಾ!"

ಅವಳು ಕೆಸರುಗಾಲಲ್ಲೇ ಒಳಗೆ ಬಂದಳು. ಹುಡುಗನ ಮುಂದೆ ಕುಕ್ಕರುಗಾಲಲ್ಲಿ ಕೂತು ಮಲಯಾಳಂನಲ್ಲಿ ಏನೋ ಕೇಳಿದಳು. ಅವನು ಕಿರುಚುತ್ತಲೇ ಎರಡು ಮಾತು ಹೇಳಿದ.

"ಕಿವೀಗೆ ಇರುವೆ ಹೋಗ್ಬುಟ್ಟದಂತೆ. ಒಳಗೆ ಓಡಾಡ್ತಾ ಅದಂತೆ."

ಹುಡುಗನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಮೇಡಂ ಒಂದು ಕ್ಷಣವೂ ತಡಮಾಡಲಿಲ್ಲ. ಅವನನ್ನು ಮಗ್ಗುಲಾಗಿ ಮಲಗಿಸಿ, ಬೆಚ್ಚಗಿನ ಕೊಬ್ಬರಿ ಎಣ್ಣೆ ಎರಡು ಹನಿ ಬಿಟ್ಟು, ಸ್ವಲ್ಪ ಹೊತ್ತು ತಲೆ ಹಿಡಿದಿದ್ದರು. ಸಣ್ಣ ಕಪ್ಪಿರುವೆ ಎಣ್ಣೆಯ ಜೊತೆ ತೇಲಿ ಹೊರಗೆ ಬಂತು. ಹುಡುಗ ಅಳು ನಿಲ್ಲಿಸಿ ಅದನ್ನು ನೋಡಬೇಕೆಂದ.

"ಕಿವಿ ಅಂತ ನಿಮಗೆ ಹೇಗೆ ಗೊತ್ತಾಯಿತು?" ಎಂದು ಮೇಡಂ ಕೇಳಿದರು.

"ಗೊತ್ತಾಗಲಿಲ್ಲ. ತೋಟದಿಂದ ಅವಳನ್ನು ಕರೆದೆ."

ಅವರು ಕೈ ಒರೆಸಿಕೊಂಡರು. ಹುಡುಗನನ್ನು ಕರೆದುಕೊಂಡು ನನ್ನ ಜೊತೆಗೇ ಕೆಳಗಿಳಿದು ಬಂದರು. ತರಗತಿಯಲ್ಲಿ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂತರು. ಅವರು ಕೆಳಗೆ ಬಂದು ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರ ಕಣ್ಣಿನ ಕೆಳಗೂ ಕಪ್ಪು ಇತ್ತು.

"ಗಲ್ಫಿನ ನನ್ನ ಮೊದಲ ವಾರ್ಡಿನಲ್ಲಿ ಒಬ್ಬ ಮುದುಕಿ ಇದ್ದಳು," ಅಂದರು. "ಇಡೀ ದಿನ ಒಂದೇ ಮಾತು ಹೇಳುತ್ತಿದ್ದಳು. ನೀರು ಕೊಟ್ಟೆ, ದಿಂಬು ಸರಿಮಾಡಿದೆ, ಮಾತ್ರೆ ಕೊಟ್ಟೆ. ಕೊನೆಗೆ ಲೋಟ ತೆಗೆದು ನನ್ನ ಮೇಲೆ ಎಸೆದಳು. ಪರದೆ ಸರಿಸು ಅನ್ನುತ್ತಿದ್ದಳಂತೆ. ಅವಳಿಗೆ ಹೊರಗೆ ನೋಡಬೇಕಿತ್ತು, ಅಷ್ಟೇ."

"ನಾನು ಮಲಯಾಳಂ ಕಲಿಯುತ್ತೇನೆ ಮೇಡಂ," ಅಂದೆ. "ಆ ಹುಡುಗಿ ಒಳಗೆ ಬರಲಿ. ಆದರೆ ನನ್ನ ಪಕ್ಕ ಅಲ್ಲ, ಮಕ್ಕಳ ನಡುವೆ ಕೂರಲಿ."

"ನೀವು ಮಲಯಾಳಂ ಮಾತಾಡಿದರೆ ನಿಮಗೂ ಊರಿನ ಟೀಚರಿಗೂ ಏನು ವ್ಯತ್ಯಾಸ? ನಾನು ಅಪ್ಪ ಅಮ್ಮಂದಿರಿಗೆ ಏನು ಹೇಳಲಿ?"

ಮೇಡಂ ಮಕ್ಕಳ ಕಡೆ ಒಮ್ಮೆ ನೋಡಿ ಎದ್ದರು.

"ಕಲಿಯಿರಿ. ಅಪ್ಪ ಅಮ್ಮಂದಿರ ಎದುರಿಗೆ ಮಾತ್ರ ಮಾತಾಡಬೇಡಿ."

ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಇಂಗ್ಲಿಷಿನಲ್ಲಿ ನಡೆದ ಈ ಮಾತು ಅವಳಿಗೆ ತಿಳಿದಿರಲಾರದು. ನಾಳೆಯಿಂದ ಒಳಗೆ ಬಾರವ್ವ ಎಂದು ನಾನು ಕನ್ನಡದಲ್ಲಿ ಹೇಳಿದಾಗ ತಲೆ ಅಲ್ಲಾಡಿಸಿದಳು.

"ನಾ ಬರಾಕಿಲ್ಲ. ನಂಗೆ ಸಾಕಾಗ್ಬುಟ್ಟದೆ. ನೀನೇ ಕಲ್ತ್ಕೊ."

ಹಾಗಂದು ಕೆಸರಿನ ಹೆಜ್ಜೆ ಮೂಡಿಸುತ್ತಾ ತೋಟಕ್ಕೆ ಹೋಗಿಬಿಟ್ಟಳು. ನನಗೆ ಬೇಜಾರಾಗಲಿಲ್ಲ. ಅವಳ ಜಾಗದಲ್ಲಿದ್ದಿದ್ದರೆ ನಾನು ಅದನ್ನು ಇನ್ನೂ ಬೇಗ ಹೇಳುತ್ತಿದ್ದೆ. ಹಾಗೆ ಹೇಳಿ ಎದ್ದು ಹೋಗುವ ಅನುಕೂಲ ನನಗಿರಲಿಲ್ಲ, ಅವಳನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಕಲಿಯುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಮಕ್ಕಳು ಹೋದ ಮೇಲೆ ಚೇಚಿಯ ಜೊತೆ ಅಡುಗೆಮನೆಯಲ್ಲಿ ಕೂರುತ್ತಿದ್ದೆ. ಅವಳು ಪಾತ್ರೆ ತೊಳೆಯುತ್ತಾ ಒಂದೊಂದೇ ವಸ್ತು ಎತ್ತಿ ತೋರಿಸಿ ಹೆಸರು ಹೇಳುತ್ತಿದ್ದಳು. ಅವರ ವಾ ನಮ್ಮ ಬಾ, ಅವರ ಪೋ ನಮ್ಮ ಹೋಗು, ಅವರ ಪಾಲು ನಮ್ಮ ಹಾಲು ಎಂದು ತಿಳಿದ ಮೇಲೆ ಅರ್ಧ ಭಾಷೆ ತಾನಾಗಿ ಬಂತು. ನನ್ನ ಉಚ್ಚಾರಣೆ ಕೇಳಿ ಚೇಚಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ನಕ್ಕಿದ್ದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆದರೆ ಅರ್ಥವಾಗತೊಡಗಿದ ಮೇಲೆ ದಣಿವು ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಮೊದಲು ಅಳು ಬರೀ ಸದ್ದಾಗಿತ್ತು. ಈಗ ಒಬ್ಬಳ ಅಮ್ಮ ಅಪ್ಪನ ಜೊತೆ ಜಗಳ ಮಾಡಿ ತವರಿಗೆ ಹೋಗಿದ್ದಾಳೆ, ಇನ್ನೊಬ್ಬನಿಗೆ ಮನೆಯ ಹತ್ತಿರ ಆನೆ ಬಂದು ಹೋದ ಮೇಲೆ ಕಕ್ಕಸಿಗೆ ಹೋಗಲು ಹೆದರಿಕೆ, ಮತ್ತೊಬ್ಬಳಿಗೆ ನಾನೆಂದರೇ ಹೆದರಿಕೆ. ಎಲ್ಲವೂ ಕಿವಿಗೆ ಬೀಳುತ್ತಿತ್ತು. ಅವರಿಗೆ ಮಲಯಾಳಂನಲ್ಲಿ ಸಮಾಧಾನ ಹೇಳಿ, ಮತ್ತೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಸಬೇಕು. ಸಾಯಂಕಾಲ ತಾಯಂದಿರು ಬಂದು ತಮ್ಮ ತಮ್ಮಲ್ಲೇ ನನ್ನ ಬಗ್ಗೆ ಮಾತಾಡಿಕೊಂಡರೆ, ಏನೂ ತಿಳಿಯದವಳ ಹಾಗೆ ನಗುತ್ತಾ ನಿಂತಿರಬೇಕು. "ಪಾಪ, ಮುಖದಲ್ಲಿ ರಕ್ತವೇ ಇಲ್ಲ" ಎನ್ನುವ ಅರ್ಥದ ಮಾತನ್ನು ಒಬ್ಬರು ಆಡಿದಾಗ ನಾನು ಇಂಗ್ಲಿಷಿನಲ್ಲಿ ಶುಭ ಸಂಜೆ ಹೇಳಿದೆ.

ಹುಡುಗಿ ತೋಟದಲ್ಲಿ ಒಂದು ವಾರದಷ್ಟು ಇದ್ದಳು. ನಾನು ಕರೆಯಲಿಲ್ಲ. ಒಂದು ದಿನ ಮಳೆ ಬಿಟ್ಟಾಗ ಮೇಡಂ ಅಂಗಳದ ಹಲಸಿನ ಮರಕ್ಕೆ ಟಯರು ಕಟ್ಟಿ ಉಯ್ಯಾಲೆ ಹಾಕಿಸಿದರು. ಮಕ್ಕಳು ಅದಕ್ಕೆ ಮುಗಿಬಿದ್ದವು. ಸರದಿ ಹೇಳಿಕೊಟ್ಟೆ. "ಮೈ ಟರ್ನ್" ಅಂದವರಿಗೆ ಮಾತ್ರ ಟಯರು. ದೂರದಲ್ಲಿ ನಿಂತು ನೋಡುತ್ತಿದ್ದ ಕೆಂಪು ರೈನ್‌ಕೋಟು ಮೆಲ್ಲಗೆ ಹತ್ತಿರ ಬಂತು. ಒಬ್ಬ ಹುಡುಗಿ ಅವಳ ತೋಳು ಹಿಡಿದು, ನನ್ನ ಕಡೆ ಕೈ ಮಾಡಿ ಏನೋ ದೂರು ಹೇಳಲು ಹೋದಳು. ಅವಳು ತೋಳು ಬಿಡಿಸಿಕೊಂಡಳು.

"ನೀ ತನ್ನೆ ಪೋಯಿ ಪರ," ಅಂದಳು. ನೀನೇ ಹೋಗಿ ಹೇಳು ಎಂದು.

ಆಮೇಲೆ ಟಯರಿನ ಮುಂದೆ ನಿಂತು ಗಟ್ಟಿಯಾಗಿ "ಮೈ ಟರ್ನ್" ಅಂದಳು. ಅಲ್ಲಿದ್ದವನು ಇಳಿಯಲಿಲ್ಲ. ಅವನನ್ನು ನೂಕಿ ಹತ್ತಿದಳು. ಹಾಗೆ ನೂಕಬಾರದು ಎಂದು ಎದ್ದು ಹೋಗಿ ಹೇಳಬೇಕಾಗಿತ್ತು. ನಾನು ಕೂತಲ್ಲಿಂದ ಏಳಲಿಲ್ಲ.

ಅವಳು ಮತ್ತೆ ಒಳಗೆ ಬರತೊಡಗಿದಳು, ಹಿಂದಿನ ಸಾಲಿನ ಚಾಪೆಯಲ್ಲಿ ಕೂತಳು, ಮಧ್ಯಾಹ್ನ ಎಲ್ಲರಿಗಿಂತ ಮೊದಲು ನಿದ್ದೆ ಹೋದಳು. ಇಂಗ್ಲಿಷ್ ಅವಳಿಗೆ ಅಷ್ಟೇನೂ ಹತ್ತಲಿಲ್ಲ. ಪದ್ಯಗಳನ್ನು ತಪ್ಪು ತಪ್ಪಾಗಿ ಹೇಳುತ್ತಿದ್ದಳು, ಬಣ್ಣಗಳಲ್ಲಿ ಕೆಂಪು ಬಿಟ್ಟು ಬೇರೆ ಯಾವುದೂ ನೆನಪಿರುತ್ತಿರಲಿಲ್ಲ. ದಪ್ಪ ಕೆನ್ನೆಯ ಹುಡುಗನ ತಾಯಿ ಅವನನ್ನು ಬಿಡಿಸಿ ಪನಮರಂ ಕಡೆಯ ದೊಡ್ಡ ಶಾಲೆಗೆ ಹಾಕಿದರು. ಇನ್ನೂ ಒಬ್ಬಿಬ್ಬರು ಬಿಟ್ಟರು. ಅದಕ್ಕೆ ಮೇಡಂ ನನ್ನನ್ನು ದೂರಲಿಲ್ಲ. ಒಂದು ಬೆಳಗ್ಗೆ ನೋಡಿದರೆ ನನ್ನ ಗಿಡ್ಡ ಸ್ಟೂಲು ಇದ್ದಲ್ಲಿ ಬೆನ್ನಿಗೆ ಒರಗುವ ಕುರ್ಚಿ ಇತ್ತು.

ಬೇಸಿಗೆ ರಜೆಗೆ ಮುಂಚೆ ಅಜ್ಜಿ ಸಿಕ್ಕಿದರು. ಕಾಫಿ ಕೊಯ್ಲು ಮುಗಿದಿತ್ತು. ಮೊಮ್ಮಗಳನ್ನು ಮುಂದೆ ಸರ್ಕಾರಿ ಶಾಲೆಗೆ ಹಾಕುವುದಾಗಿ ಹೇಳಿದರು.

"ಅಲ್ಲಿ ಮಲಯಾಳಂ ಮಾತ್ರ ಟೀಚರೆ. ನಮ್ಮ ಮಾತು ಆಡುದ್ರೆ ಬೇರೆ ಮಕ್ಳು ನಗ್ತವೆ."

"ಅವಳಿಗೆ ಮಲಯಾಳಂ ಚೆನ್ನಾಗಿ ಬತ್ತದೆ ಅಜ್ಜಿ. ನೀವು ಹೆದರ್ಬೇಡಿ."

"ಬತ್ತದೆ. ಆದ್ರೆ ಅವ್ಳಿಗೆ ಮಾತಾಡೋಕೇ ಬೇಜಾರು. ಮನೇಲಿ ಕೇಳುದ್ರೂ ಹ್ಞೂಂ ಅಂತಾಳೆ, ಅಷ್ಟೇಯ."

ಇಷ್ಟು ವಯಸ್ಸಿಗೆ ಅವಳು ಮಾತಾಡಬೇಕಾದ್ದಕ್ಕಿಂತ ಹೆಚ್ಚು ಮಾತಾಡಿಬಿಟ್ಟಿದ್ದಾಳೆ ಎಂದು ಅಜ್ಜಿಗೆ ಹೇಳಬೇಕೆನಿಸಿತು. ಕಿಟಕಿ, ತೋಟ, ದಿನವಿಡೀ ನಡೆಯುತ್ತಿದ್ದ ಆ ಮಾತುಕತೆ ಎಲ್ಲ ಅಜ್ಜಿಯೇ ಕಣ್ಣಾರೆ ಕಂಡದ್ದು. ನಾನು ಬಿಡಿಸಿ ಹೇಳುವುದೇನೂ ಇರಲಿಲ್ಲ.

"ಸ್ವಲ್ಪ ದಿನ ಹಾಗೇ ಬಿಡಿ," ಅಂದೆ.

ಅಜ್ಜಿ ತಮ್ಮ ಚೀಲದಿಂದ ಒಂದು ಹಿಡಿ ಕಾಳುಮೆಣಸು ತೆಗೆದು ನನ್ನ ಸೆರಗಿಗೆ ಹಾಕಿದರು. ನೆಗಡಿಗೆ ಒಳ್ಳೆಯದು, ಮೇಡಂಗೆ ಹೇಳಬೇಡ ಎಂದು ನಕ್ಕರು. ಹುಡುಗಿ ಅಜ್ಜಿಯ ಕೈ ಹಿಡಿದು ಎಳೆಯುತ್ತಿದ್ದಳು. ಹೋಗಿ ಬರ್ತೀನಿ ಅಂತ ಹೇಳು ಎಂದು ಅಜ್ಜಿ ಹೇಳಿದರೂ ಹೇಳಲಿಲ್ಲ. ನನ್ನನ್ನು ಒಮ್ಮೆ ನೋಡಿ, ಕೈಯನ್ನು ಸ್ವಲ್ಪ ಎತ್ತಿ, ನಡೆದಳು.

ಆ ಶನಿವಾರ ಕಾಟ್ಟಿಕುಳಂನಲ್ಲಿ ಮೈಸೂರಿನ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಾವಲಿ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತದ್ದು ನೆನಪಿದೆ. ಆಮೇಲೆ ಕಾಡು ಬಂದಿರಬೇಕು, ಜಿಂಕೆ ಕಂಡವರು ಕಂಡಿರಬೇಕು, ನನಗೆ ಯಾವುದೂ ತಿಳಿಯಲಿಲ್ಲ. ಕಂಡಕ್ಟರ್ ಭುಜ ತಟ್ಟಿ, "ಅಕ್ಕ, ಕೋಟೆ ಬಂತು, ಇಳೀರಿ," ಅಂದಾಗ ಕಣ್ಣು ಬಿಟ್ಟೆ. ಅಂಗಡಿಯ ಶಟರು ಅರ್ಧ ಎಳೆದು ಗಂಡ ಬಸ್ ನಿಲ್ದಾಣಕ್ಕೆ ಬಂದಿದ್ದರು. ಬ್ಯಾಗು ತೆಗೆದುಕೊಂಡು, ಜೂನಿಗೆ ಮತ್ತೆ ಹೋಗ್ತೀಯಾ ಎಂದು ಕೇಳಿದರು. ಹ್ಞೂಂ ಅಂದೆ.